ಡೈವೋರ್ಸ್ ಬೇಡ, ಜೊತೆಗಿರಲೂ ಆಗದು ಎನ್ನುವವರಿಗೆ ಕಾನೂನಿನಲ್ಲಿರುವ ದಾರಿಗಳು

ತೀರ್ಥಹಳ್ಳಿಯಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ ದಾಂಪತ್ಯದ ತಕರಾರು ಹೊತ್ತು ಬರುವವರಲ್ಲಿ ಅನೇಕರು, ಅದರಲ್ಲೂ ಹೆಂಗಸರು, ವಿಷಯ ಬಿಡಿಸಿ ಹೇಳುವುದಕ್ಕೂ ಮೊದಲೇ ‘ಡೈವೋರ್ಸ್ ಮಾತ್ರ ಬೇಡ’ ಎಂದುಬಿಡುತ್ತಾರೆ. ಮಗಳ ಮದುವೆಯ ಮಾತುಕತೆ ನಡೆದಿದೆ, ಗಂಡನದು ಸರ್ಕಾರಿ ನೌಕರಿ, ಮಾವನ ಕಾಲದ ತೋಟ ಇನ್ನೂ ಪಾಲಾಗಿಲ್ಲ, ಕ್ರೈಸ್ತ ಕುಟುಂಬವಾದರೆ ಚರ್ಚು ಒಪ್ಪುವುದಿಲ್ಲ, ಇಲ್ಲವೇ ತಮ್ಮ ಮನಸ್ಸೇ ಒಪ್ಪುವುದಿಲ್ಲ. ಕಾರಣ ಯಾವುದೇ ಇರಲಿ, ಅವರಿಗೆ ಬೇರೆ ಇರುವುದು ಬೇಕು, ಮದುವೆ ಮುರಿಯುವುದು ಬೇಡ. ‘ಹಾಗಾದರೆ ಸುಮ್ಮನೆ ತವರಿನಲ್ಲಿ ಇದ್ದುಬಿಡು, ಕಾಲ ಎಲ್ಲವನ್ನೂ ಸರಿ ಮಾಡುತ್ತದೆ’ ಎಂಬ ಸಲಹೆ ಊರಿನಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಗೆ ಇದ್ದುಬಿಟ್ಟವರು ವರ್ಷಗಳ ನಂತರ, ತಂದೆ ತೀರಿಕೊಂಡು ಅಣ್ಣತಮ್ಮಂದಿರ ಮನೆಯಲ್ಲಿ ಇರಸುಮುರಸು ಶುರುವಾದ ಮೇಲೆ, ಕೈಯಲ್ಲಿ ಒಂದು ಚೂರು ಕಾಗದವೂ ಇಲ್ಲದೆ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನಾನು ನೋಡುತ್ತಲೇ ಇದ್ದೇನೆ.

ವಿಚ್ಛೇದನವಿಲ್ಲದೆ ಬೇರೆ ಇರುವುದಕ್ಕೆ ನಮ್ಮ ಕಾನೂನಿನಲ್ಲಿ ಒಂದಲ್ಲ, ಹಲವು ದಾರಿಗಳಿವೆ. ಆದರೆ ಅವೆಲ್ಲ ಒಂದೇ ಊರಿಗೆ ಹೋಗುವ ದಾರಿಗಳಲ್ಲ. ಒಂದನ್ನು ಹಿಡಿದರೆ ಇನ್ನೊಂದು ಮುಚ್ಚಿಹೋಗಬಹುದು, ಮತ್ತು ಮೇಲ್ನೋಟಕ್ಕೆ ಅತ್ಯಂತ ಸೌಮ್ಯವಾಗಿ ಕಾಣುವುದೇ ಹೆಂಡತಿಗೆ ಎಲ್ಲಕ್ಕಿಂತ ದುಬಾರಿಯಾಗಬಹುದು. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಮೊದಲು ಒಂದು ಭಯವನ್ನು ಬದಿಗಿಡೋಣ. ಗಂಡ ಹೆಂಡತಿ ಬೇರೆ ಬೇರೆ ಮನೆಯಲ್ಲಿ ವಾಸಿಸುವುದು ಅಪರಾಧವಲ್ಲ. ಅದಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ. ಎಷ್ಟು ವರ್ಷ ಬೇರೆ ಇದ್ದರೂ ಮದುವೆ ತಾನಾಗಿ ಮುರಿದುಬೀಳುವುದಿಲ್ಲ. ‘ಏಳು ವರ್ಷ ದೂರ ಇದ್ದರೆ ಡೈವೋರ್ಸ್ ಆದ ಹಾಗೆಯೇ’ ಎಂಬ ಮಾತನ್ನು ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಕಾನೂನಿನಲ್ಲಿರುವ ಏಳು ವರ್ಷದ ಮಾತು ಬದುಕಿದ್ದಾರೆಂಬ ಸುದ್ದಿಯೇ ಇಲ್ಲದೆ ಕಾಣೆಯಾದವರಿಗೆ ಸಂಬಂಧಿಸಿದ್ದು, ಮತ್ತು ಅದೂ ವಿಚ್ಛೇದನ ಕೇಳಲು ಒಂದು ಕಾರಣವಷ್ಟೇ. ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಇಲ್ಲದೆ ಅಲ್ಲಿಯೂ ಮದುವೆ ಮುಗಿಯುವುದಿಲ್ಲ. ಮದುವೆ ಉಳಿದಿರುವಾಗ ಇನ್ನೊಂದು ಮದುವೆಯಾದರೆ ಆ ಎರಡನೆಯ ಮದುವೆ ಅಸಿಂಧುವಾಗುವುದಲ್ಲದೆ, ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಶಿಕ್ಷಾರ್ಹ ಅಪರಾಧವೂ ಆಗುತ್ತದೆ.

ಬೇರೆ ಇರುವುದಕ್ಕೆ ಕಾನೂನು ನೇರವಾಗಿ ಕೊಟ್ಟಿರುವ ವ್ಯವಸ್ಥೆ ಹಿಂದೂ ವಿವಾಹ ಕಾಯ್ದೆ 1955ರ 10ನೇ ಕಲಮಿನಲ್ಲಿರುವ ನ್ಯಾಯಿಕ ಪ್ರತ್ಯೇಕತೆ. ಕೋರ್ಟಿನ ಆವರಣದಲ್ಲಿ ಇದನ್ನು ಯಾರೂ ಹಾಗೆ ಕರೆಯುವುದಿಲ್ಲ, ಜುಡಿಷಿಯಲ್ ಸೆಪರೇಷನ್ ಎಂದೇ ಎಲ್ಲರೂ ಹೇಳುವುದು. 1976ರ ತಿದ್ದುಪಡಿಯ ನಂತರ ವಿಚ್ಛೇದನಕ್ಕೆ ಇರುವ ಕಾರಣಗಳೇ ಇದಕ್ಕೂ ಕಾರಣಗಳು: ಕ್ರೌರ್ಯ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಪರಿತ್ಯಾಗ (ಸಂಗಾತಿಯನ್ನು ತೊರೆದಿರುವುದು), ವ್ಯಭಿಚಾರ, ಮತಾಂತರ ಮುಂತಾದವು. ಇವುಗಳಲ್ಲಿ ಒಂದನ್ನಾದರೂ ಅರ್ಜಿದಾರರು ಸಾಬೀತು ಮಾಡಬೇಕು. ‘ನಮಗಿಬ್ಬರಿಗೂ ಹೊಂದಿಕೆಯಾಗುತ್ತಿಲ್ಲ, ಆದ್ದರಿಂದ ಪ್ರತ್ಯೇಕತೆ ಕೊಡಿ’ ಎಂದು ಇಬ್ಬರೂ ಸೇರಿ ಅರ್ಜಿ ಹಾಕುವ ಅವಕಾಶ, ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಇರುವಂತೆ, ಇಲ್ಲಿ ಇಲ್ಲ. ಇದು ಕಾನೂನಿನಲ್ಲಿ ಉಳಿದುಬಿಟ್ಟ ಒಂದು ಕೊರತೆ ಎಂದೇ ನನ್ನ ಅಭಿಪ್ರಾಯ. ಜಗಳವಿಲ್ಲದೆ ದೂರವಿರಲು ಬಯಸುವ ದಂಪತಿಗಳು ಈ ಕಾರಣಕ್ಕಾಗಿಯೇ ಕೋರ್ಟನ್ನು ಬಿಟ್ಟು ಛಾಪಾ ಕಾಗದದ ಕಡೆಗೆ ಹೋಗುತ್ತಾರೆ. ಅನುಕೂಲವೂ ಒಂದಿದೆ. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ವಿಚ್ಛೇದನದ ಅರ್ಜಿ ಹಾಕಬೇಕಾದರೆ ಕೋರ್ಟಿನ ವಿಶೇಷ ಅನುಮತಿ ಬೇಕು, ಆದರೆ ಆ ನಿರ್ಬಂಧ ನ್ಯಾಯಿಕ ಪ್ರತ್ಯೇಕತೆಗೆ ಅನ್ವಯಿಸುವುದಿಲ್ಲ. ಮದುವೆಯಾದ ಮೂರನೆಯ ತಿಂಗಳಿಗೇ ಜೀವ ಬೇಸತ್ತವರೂ ಈ ಅರ್ಜಿ ಹಾಕಬಹುದು. ವಿಚ್ಛೇದನ ಕೇಳಿದವರಿಗೆ ಕೆಲವು ಕಾರಣಗಳ ಹೊರತು ಪ್ರತ್ಯೇಕತೆಯನ್ನಷ್ಟೇ ಕೊಡುವ ಅಧಿಕಾರವನ್ನು 13ಎ ಕಲಂ ನ್ಯಾಯಾಧೀಶರಿಗೆ ಕೊಟ್ಟಿದೆ.

ಡಿಕ್ರಿಯಾದ ಮೇಲೆ ಒಟ್ಟಿಗೆ ಬಾಳಬೇಕಾದ ಬಾಧ್ಯತೆ ಇಬ್ಬರಿಗೂ ಇರುವುದಿಲ್ಲ, ಮದುವೆ ಉಳಿದಿರುತ್ತದೆ. ಮನಸ್ಸು ಬದಲಾದರೆ ಡಿಕ್ರಿಯನ್ನು ರದ್ದುಪಡಿಸಲು ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ಪ್ರಕರಣ ನಡೆಯುವಾಗ 24ನೇ ಕಲಮಿನಡಿ ಮಧ್ಯಂತರ ಜೀವನಾಂಶ, ಡಿಕ್ರಿಯ ವೇಳೆಗೆ ಅಥವಾ ನಂತರ 25ನೇ ಕಲಮಿನಡಿ ಶಾಶ್ವತ ಜೀವನಾಂಶ, 26ನೇ ಕಲಮಿನಡಿ ಮಕ್ಕಳ ಪಾಲನೆಯ ಆದೇಶ, ಇವನ್ನೆಲ್ಲ ಇದೇ ಪ್ರಕರಣದಲ್ಲಿ ಪಡೆಯಬಹುದು. ಇಷ್ಟು ಕೇಳಿದವರು ‘ಸರಿ ಹಾಗಾದರೆ, ಇದನ್ನೇ ಹಾಕಿ’ ಎಂದುಬಿಡುತ್ತಾರೆ.

ಆಗ ನಾನು 13ನೇ ಕಲಮಿನ (1ಎ) ಉಪಕಲಮನ್ನು ಓದಿ ಹೇಳುತ್ತೇನೆ. ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿಯಾಗಿ ಒಂದು ವರ್ಷ ಕಳೆದರೂ ದಂಪತಿ ಮತ್ತೆ ಒಟ್ಟಿಗೆ ಬಾಳಲು ಆರಂಭಿಸದಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ಆ ಒಂದೇ ಆಧಾರದ ಮೇಲೆ ವಿಚ್ಛೇದನ ಕೇಳಬಹುದು. ಅರ್ಥಾತ್, ವಿಚ್ಛೇದನ ಬೇಡವೆಂದೇ ಹೆಂಡತಿ ಪಡೆದ ಡಿಕ್ರಿ, ವರ್ಷ ಕಳೆದೊಡನೆ ಗಂಡನಿಗೆ ವಿಚ್ಛೇದನದ ಬಾಗಿಲು ತೆರೆದುಕೊಡುತ್ತದೆ. ಬಾಗಿಲು ಪೂರ್ತಿ ತೆರೆದಿದೆ ಎನ್ನುವಂತೆಯೂ ಇಲ್ಲ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದರಲ್ಲಿ, ಗಂಡನ ವ್ಯಭಿಚಾರದ ಕಾರಣಕ್ಕೆ ಹೆಂಡತಿ ಪ್ರತ್ಯೇಕತೆಯ ಡಿಕ್ರಿ ಪಡೆದಿದ್ದಳು. ಗಂಡ ಕೋರ್ಟು ವಿಧಿಸಿದ ಜೀವನಾಂಶವನ್ನೂ ಕೊಡದೆ, ಹಳೆಯ ಸಂಬಂಧವನ್ನೂ ಬಿಡದೆ, ವರ್ಷ ಕಳೆಯಿತೆಂದು ವಿಚ್ಛೇದನ ಕೇಳಿದ. ತನ್ನ ತಪ್ಪಿನ ಲಾಭವನ್ನು ತಾನೇ ಪಡೆಯುವಂತಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ವಿಚ್ಛೇದನ ನಿರಾಕರಿಸಿತು. ಆದರೆ ಜೀವನಾಂಶವನ್ನು ತಿಂಗಳು ತಿಂಗಳು ತಪ್ಪದೆ ಕಟ್ಟುವ, ಹೊಸ ತಪ್ಪೇನೂ ಮಾಡದ ಗಂಡನನ್ನು ತಡೆಯಲು ಈ ತೀರ್ಪು ಸಾಕಾಗುವುದು ಕಷ್ಟ. ಹಾಗಾಗಿ, ಕೊನೆಯವರೆಗೂ ಹೆಂಡತಿಯಾಗಿಯೇ ಉಳಿಯಬೇಕೆಂಬ ಹಟವಿದ್ದವರಿಗೆ 10ನೇ ಕಲಂ ನನ್ನ ಮೊದಲ ಸಲಹೆ ಅಲ್ಲ.

ಅವರಿಗೆ ನಾನು ಹೇಳುವುದು ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ 18ನೇ ಕಲಮನ್ನು. ದತ್ತಕ ಎಂಬ ಪದ ಹೆಸರಿನಲ್ಲಿ ಇರುವುದರಿಂದಲೋ ಏನೋ, ಇದರ ಕಡೆ ಜನರ ಗಮನ ಹೋಗುವುದೇ ಕಡಿಮೆ. ಗಂಡ ಕಾರಣವಿಲ್ಲದೆ ತೊರೆದಿದ್ದರೆ, ಕ್ರೂರವಾಗಿ ನಡೆದುಕೊಂಡಿದ್ದರೆ, ಅವನಿಗೆ ಇನ್ನೊಬ್ಬ ಹೆಂಡತಿ ಇದ್ದರೆ, ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದರೆ, ಮತಾಂತರಗೊಂಡಿದ್ದರೆ, ಅಥವಾ ಬೇರೆ ಇರುವುದನ್ನು ಸಮರ್ಥಿಸುವ ಇನ್ಯಾವುದೇ ಕಾರಣವಿದ್ದರೆ, ಹಿಂದೂ ಹೆಂಡತಿ ಜೀವನಾಂಶದ ಹಕ್ಕನ್ನು ಕಳೆದುಕೊಳ್ಳದೆ ಪ್ರತ್ಯೇಕವಾಗಿ ವಾಸಿಸಬಹುದು. ಆ ‘ಇನ್ಯಾವುದೇ ಕಾರಣ’ ಎಂಬ ಕೊನೆಯ ಮಾತು ಬಹಳ ಉದಾರವಾದದ್ದು. ಈ ದಾವೆಯಲ್ಲಿ ಗೆದ್ದರೆ ಸಿಗುವುದು ಜೀವನಾಂಶದ ಡಿಕ್ರಿ. ಮದುವೆಯ ಸ್ಥಿತಿಗತಿಯನ್ನು ಅದು ಮುಟ್ಟುವುದೇ ಇಲ್ಲ, ಒಂದು ವರ್ಷದ ಗಡಿಯಾರ ಓಡಲು ಶುರುವಾಗುವುದೂ ಇಲ್ಲ. ಸಿವಿಲ್ ದಾವೆಯಾದ್ದರಿಂದ ನಿಧಾನ ನಿಜ. ಆದರೆ ಹೆಂಡತಿಯ ಸ್ಥಾನವನ್ನು ಬಿಡದೆ ದೂರವಿರಬೇಕೆನ್ನುವವಳ ಅಗತ್ಯಕ್ಕೆ ಇಷ್ಟು ಸರಿಯಾಗಿ ಹೊಂದುವ ಇನ್ನೊಂದು ಕಲಂ ನಮ್ಮಲ್ಲಿ ಇಲ್ಲ.

ಇನ್ನು ಛಾಪಾ ಕಾಗದದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆ ದಾಂಪತ್ಯದ ತಕರಾರುಗಳಲ್ಲಿ ಹೆಚ್ಚಿನವು ಮೊದಲು ಬಂದು ನಿಲ್ಲುವುದು ಇಲ್ಲಿಯೇ. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಉದಾಹರಣೆ ಕೊಡುತ್ತೇನೆ. ಆಗುಂಬೆ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಣ್ಣುಮಗಳು ತನ್ನ ಅಣ್ಣನೊಂದಿಗೆ ಬಂದಿದ್ದರು. ಅಣ್ಣನ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಇ-ಸ್ಟಾಂಪ್ ಕಾಗದ, ಅದರ ಮೇಲೆ ಟೈಪಾದ ಕರಾರು. ‘ಹಿರಿಯರೆಲ್ಲ ಕೂತು ಮಾತಾಡಿ ಆಗಿದೆ ಸಾರ್, ನೀವು ಒಂದ್ಸಲ ಕಣ್ಣಾಡಿಸಿ ಸರಿಯಾಗಿದೆ ಅಂದ್ರೆ ನಾಳೆ ಸೈನ್ ಹಾಕ್ಸೋದು’ ಎಂದರು. ಅದರಲ್ಲಿ ಹೀಗಿತ್ತು: ‘ನಾವುಗಳು ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ, ಪರಸ್ಪರ ಒಪ್ಪಿ ಈ ದಿನದಿಂದ ಪ್ರತ್ಯೇಕವಾಗಿ ವಾಸಿಸಲು ತೀರ್ಮಾನಿಸಿರುತ್ತೇವೆ. ಇನ್ನು ಮುಂದೆ ಒಬ್ಬರ ಮೇಲೊಬ್ಬರು ಯಾವುದೇ ಹಕ್ಕು ಬಾಧ್ಯತೆ ಕೇಳತಕ್ಕದ್ದಲ್ಲ.’ ಒಡವೆಗಳ ಪಟ್ಟಿ ಇತ್ತು, ಒಂದಿಷ್ಟು ನಗದಿನ ಉಲ್ಲೇಖ ಇತ್ತು. ಆಕೆ ಮನೆ ಬಿಟ್ಟದ್ದು ಯಾಕೆಂದು ಮಾತ್ರ ಒಂದು ಅಕ್ಷರವೂ ಇರಲಿಲ್ಲ. ಕೇಳಿದ್ದಕ್ಕೆ ಆಕೆ ಅಣ್ಣನ ಮುಖ ನೋಡಿ, ‘ಹೊಡೆದಿದ್ದೆಲ್ಲ ಬರೆಯೋದು ಬೇಡ ಅಂದ್ರು, ಎರಡೂ ಮನೆ ಮರ್ಯಾದೆ ಪ್ರಶ್ನೆ ಅಂತ’ ಎಂದರು.

ಆ ಮರ್ಯಾದೆಯ ಬೆಲೆ ಎಷ್ಟೆಂದು ತಿಳಿಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಓದಬೇಕು. 2024ರ ಜುಲೈ 1ರವರೆಗೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಎಂದು ಎಲ್ಲರಿಗೂ ಪರಿಚಿತವಾಗಿದ್ದುದೇ ಈಗ ಈ ಸಂಖ್ಯೆಗೆ ಬಂದಿದೆ. ಯಾವ ಧರ್ಮದ ಹೆಂಡತಿಯಾದರೂ, ತನ್ನನ್ನು ತಾನು ಪೋಷಿಸಿಕೊಳ್ಳಲಾಗದಿದ್ದಲ್ಲಿ, ಮ್ಯಾಜಿಸ್ಟ್ರೇಟರ ಮುಂದೆ ಜೀವನಾಂಶ ಕೇಳಲು ಇರುವ ಸರಳವಾದ ದಾರಿ ಇದು. ಇದರ 4ನೇ ಉಪಕಲಂ ಮೂರು ಸಂದರ್ಭಗಳಲ್ಲಿ ಹೆಂಡತಿಗೆ ಜೀವನಾಂಶವಿಲ್ಲ ಎನ್ನುತ್ತದೆ: ಆಕೆ ವ್ಯಭಿಚಾರದ ಬದುಕು ನಡೆಸುತ್ತಿದ್ದರೆ, ಸಾಕಷ್ಟು ಕಾರಣವಿಲ್ಲದೆ ಗಂಡನೊಂದಿಗೆ ಇರಲು ನಿರಾಕರಿಸಿದರೆ, ಮತ್ತು ದಂಪತಿ ಪರಸ್ಪರ ಸಮ್ಮತಿಯಿಂದ ಬೇರೆಯಾಗಿ ವಾಸಿಸುತ್ತಿದ್ದರೆ. ಮೊದಲನೆಯ ಎರಡು ಎಲ್ಲರಿಗೂ ಗೊತ್ತು. ಮೂರನೆಯದನ್ನು ಕೇಳಿದರೆ ಎದುರು ಕೂತವರು ಬೆಚ್ಚುತ್ತಾರೆ. ಹಿರಿಯರು ಒಳ್ಳೆಯ ಮನಸ್ಸಿನಿಂದ, ಕಹಿ ಉಳಿಯದಿರಲಿ ಎಂದು ಬರೆಸಿದ ‘ಪರಸ್ಪರ ಒಪ್ಪಿ’ ಎಂಬ ಎರಡು ಪದಗಳನ್ನೇ ಗಂಡನ ವಕೀಲರು ನಾಳೆ ಕೋರ್ಟಿನಲ್ಲಿ ಹಾಜರುಪಡಿಸುತ್ತಾರೆ.

ಇಲ್ಲಿರುವ ವೈಪರೀತ್ಯವನ್ನು ಗಮನಿಸಬೇಕು. ಪರಸ್ಪರ ಸಮ್ಮತಿಯಿಂದ ವಿಚ್ಛೇದನವನ್ನೇ ಪಡೆದ ಹೆಂಗಸಿಗೆ ಈ ಅಡ್ಡಿ ಇಲ್ಲವೆಂದು, ಇದೂ ಕರ್ನಾಟಕದಿಂದ ಹೋದ ಪ್ರಕರಣದಲ್ಲಿಯೇ, ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ವಿಚ್ಛೇದಿತೆ ಬೇರೆ ಇರುವುದು ಒಪ್ಪಿಗೆಯಿಂದಲ್ಲ, ಮದುವೆಯೇ ಉಳಿದಿಲ್ಲದ ಕಾರಣದಿಂದ ಎಂಬುದು ಅದರ ತರ್ಕ. ಹೀಗಾಗಿ ಸಂಬಂಧವನ್ನು ಪೂರ್ತಿ ಕಡಿದುಕೊಂಡವಳಿಗೆ ತೆರೆದಿರುವ ಬಾಗಿಲು, ಸಂಬಂಧ ಉಳಿಸಿಕೊಂಡು ಒಪ್ಪಿಗೆಯಿಂದ ದೂರ ಸರಿದವಳಿಗೆ ಮುಚ್ಚಿಕೊಳ್ಳುತ್ತದೆ. ಅದೇ ಕರಾರು ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಒಪ್ಪಿಗೆಯಿಂದ ಬೇರೆ ಇರುವವರೆಗೆ ಒಬ್ಬರು ಇನ್ನೊಬ್ಬರನ್ನು ತೊರೆದಿದ್ದಾರೆ ಎನ್ನಲು ಬರುವುದಿಲ್ಲವಾದ್ದರಿಂದ, ಪರಿತ್ಯಾಗದ ಎರಡು ವರ್ಷದ ಲೆಕ್ಕವೂ ನಿಂತುಹೋಗುತ್ತದೆ. ಇದು ಗಂಡನಿಗೂ ಹೆಂಡತಿಗೂ ಸಮಾನವಾಗಿ ಅನ್ವಯಿಸುವ ಮಾತು.

ಹಾಗೆಂದು ಕರಾರು ಬರೆಯಲೇಬಾರದೇ? ಬರೆಯಬಹುದು. ಮುಂದೆಂದಾದರೂ ಬೇರೆಯಾದರೆ ಹೀಗೆ ಮಾಡೋಣ ಎಂದು ಮದುವೆಯ ಹೊತ್ತಿಗೇ ಮಾಡಿಕೊಂಡ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧವೆಂದು ಬಿದ್ದುಹೋಗುತ್ತದೆ. ಈಗಾಗಲೇ ಬೇರೆಯಾಗಿರುವವರು ಖರ್ಚು, ವಸ್ತು, ಮಕ್ಕಳ ಭೇಟಿಯ ಬಗ್ಗೆ ಮಾಡಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಬೇರೆ ಇರುವ ಕಾರಣವನ್ನು ಮುಚ್ಚಿಟ್ಟ ಪತ್ರಕ್ಕೆ ಹೆಂಡತಿ ಸಹಿ ಮಾಡಬಾರದೆಂಬುದು ನನ್ನ ಖಚಿತ ನಿಲುವು. ಆ ದಿನ ನಾನು ಆ ವಾಕ್ಯಗಳ ಜಾಗದಲ್ಲಿ, ಗಂಡನ ವರ್ತನೆಯ ಕಾರಣದಿಂದ ಆಕೆ ತವರಿನಲ್ಲಿ ವಾಸವಾಗಿದ್ದಾರೆಂದೂ, ಈ ಪತ್ರದ ಯಾವ ಷರತ್ತನ್ನೂ ಪರಸ್ಪರ ಸಮ್ಮತಿಯ ಪ್ರತ್ಯೇಕ ವಾಸವೆಂದು ಅರ್ಥೈಸತಕ್ಕದ್ದಲ್ಲವೆಂದೂ ಬರೆದುಕೊಟ್ಟೆ. ನಿರೀಕ್ಷಿಸಿದಂತೆ ಗಂಡನ ಕಡೆಯವರು ಒಪ್ಪಲಿಲ್ಲ. ಕೊನೆಗೆ ಆ ಕರಾರು ಸಹಿಯಾಗಲೇ ಇಲ್ಲ. ಆಕೆ ಜೀವನಾಂಶಕ್ಕೆ ಅರ್ಜಿ ಹಾಕಿದರು, ವಿಷಯ ಮಧ್ಯಸ್ಥಿಕೆಗೆ ಹೋಯಿತು, ಅಲ್ಲಿ ಆದ ರಾಜಿಯನ್ನು ಕೋರ್ಟು ತನ್ನ ಆದೇಶದಲ್ಲಿ ದಾಖಲಿಸಿತು. ಛಾಪಾ ಕಾಗದದ ಕರಾರನ್ನು ಎದುರಿನವರು ಮುರಿದರೆ ಅದರ ಮೇಲೆ ಹೊಸದಾಗಿ ದಾವೆ ಹೂಡಬೇಕು. ಕೋರ್ಟು ದಾಖಲಿಸಿದ ರಾಜಿಯನ್ನು ಮುರಿದರೆ ನೇರವಾಗಿ ಜಾರಿ ಅರ್ಜಿ ಹಾಕಿದರಾಯಿತು. ನೋಟರಿಯ ಸೀಲಿಗೂ ನ್ಯಾಯಾಧೀಶರ ಸಹಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ಈಗಾಗಲೇ ಅಂಥ ಪತ್ರಕ್ಕೆ ಸಹಿ ಹಾಕಿದವರು ಕೈಚೆಲ್ಲಿ ಕೂರಬೇಕಾಗಿಲ್ಲ. 125ನೇ ಕಲಮಿನ ಪ್ರಕರಣದಲ್ಲಿ 8,000 ರೂಪಾಯಿ ಇಡಿಗಂಟು ಪಡೆದು, ಮುಂದೆ ಏನನ್ನೂ ಕೇಳುವುದಿಲ್ಲವೆಂದು ರಾಜಿಯಾಗಿದ್ದ ನಮ್ಮ ರಾಜ್ಯದ ಮಹಿಳೆಯೊಬ್ಬರು ನಂತರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 18ನೇ ಕಲಮಿನಡಿ ದಾವೆ ಹೂಡಿದಾಗ, ಆ ರಾಜಿ ದಾವೆಗೆ ಅಡ್ಡಿಯಾಗದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ನೀಡಿತು. ಇನ್ನು ಜಾತಿ ಪಂಚಾಯ್ತಿಯ ಬಿಡುಗಡೆ ಪತ್ರದ ಬಗ್ಗೆ ಒಂದೇ ಮಾತು: ಸಂಪ್ರದಾಯಬದ್ಧ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29(2) ಕಲಂ ಉಳಿಸಿದೆ, ಆದರೆ ಅಂಥ ಸಂಪ್ರದಾಯ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆಯೆಂದು ಸಾಕ್ಷ್ಯದ ಮೂಲಕ ರುಜುವಾತು ಮಾಡಬೇಕು. ಮಾಡಲಾಗದಿದ್ದರೆ ಅದು ಬರಿಯ ಕಾಗದ.

ಜೀವನಾಂಶ ಎಷ್ಟು ಎಂಬ ಪ್ರಶ್ನೆಗೆ ಮಲೆನಾಡಿನಲ್ಲಿ ತನ್ನದೇ ಆದ ತೊಡಕಿದೆ. ಸಂಬಳದಾರನಾದರೆ ವೇತನ ಚೀಟಿ ಇರುತ್ತದೆ. ಅಡಿಕೆ ಬೆಳೆಗಾರ ‘ನನಗೆ ತಿಂಗಳ ಆದಾಯವೇ ಇಲ್ಲ ಸ್ವಾಮಿ, ಕೊಳೆರೋಗದಲ್ಲಿ ಎಲ್ಲ ಹೋಯಿತು’ ಎನ್ನುತ್ತಾನೆ, ಮತ್ತು ಕೆಲವು ವರ್ಷ ಅದು ನಿಜವೂ ಆಗಿರುತ್ತದೆ. 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ವಿಧಿಸಿದಾಗ, ಕೃಷಿಕರಿಗೆಂದೇ ಬೇರೆ ನಮೂನೆಯನ್ನು ಕೊಟ್ಟಿತು. ಜಮೀನಿನ ವಿಸ್ತೀರ್ಣ ಅಥವಾ ಅದರಲ್ಲಿನ ಪಾಲು, ತರಿಯೋ ಖುಷ್ಕಿಯೋ, ಬೆಳೆ ಯಾವುದು, ಹಿಂದಿನ ಮೂರು ವರ್ಷಗಳ ಆದಾಯ, ಗೇಣಿಗೆ ಹಿಡಿದ ಭೂಮಿ, ಜಾನುವಾರು, ಹೈನುಗಾರಿಕೆ, ಸಾಲ, ಎಲ್ಲವನ್ನೂ ಅದರಲ್ಲಿ ಹೇಳಬೇಕು. ಮೂರು ವರ್ಷದ ಲೆಕ್ಕ ಕೇಳುವುದರಿಂದ ಒಂದು ಮಳೆಗಾಲದ ಕೊಳೆರೋಗವನ್ನೇ ಮುಂದಿಟ್ಟು ಪಾರಾಗುವುದು ಕಷ್ಟವಾಗಿದೆ. ಹೆಂಡತಿಯ ಕಡೆಯವರು ಪಹಣಿ, ಅಡಿಕೆ ಮಂಡಿಯ ಅಥವಾ ಸೊಸೈಟಿಯ ಬಿಲ್ಲು, ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದರೆ ಅದನ್ನು ಬಲ್ಲ ಸಾಕ್ಷಿ, ಇವನ್ನು ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಪಹಣಿ ಇನ್ನೂ ಮಾವನ ಹೆಸರಿನಲ್ಲಿದ್ದರೆ ಕೆಲಸ ಕಠಿಣವಾಗುತ್ತದೆ, ಆಗ ಕುಟುಂಬದ ಉತ್ಪನ್ನದಲ್ಲಿ ಗಂಡನ ಪಾಲೆಷ್ಟು ಎಂಬುದನ್ನು ತೋರಿಸಬೇಕಾಗುತ್ತದೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಜೀವನಾಂಶಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಭಾರ ಹೊರಿಸಲು ಕೋರ್ಟಿಗೆ ಅಧಿಕಾರವಿದೆ; ಆ ಭಾರ ಪಹಣಿಯಲ್ಲಿ ಹಕ್ಕು ಮತ್ತು ಋಣಗಳ ಕಾಲಮಿಗೆ ಏರಿಬಿಟ್ಟರೆ ತೋಟವನ್ನು ಗುಟ್ಟಾಗಿ ಮಾರುವುದು ಸುಲಭವಲ್ಲ.

ಅದೇ ತೀರ್ಪಿನ ಪ್ರಕಾರ ಜೀವನಾಂಶ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದಿಂದ. ಆದ್ದರಿಂದಲೇ ‘ಇನ್ನೊಂದು ಕೊಯ್ಲು ಮುಗಿಯಲಿ, ನೋಡೋಣ’ ಎಂದು ಮುಂದೂಡಿದ ತಿಂಗಳುಗಳು ಮರಳಿ ಬರುವುದಿಲ್ಲ. ಆದೇಶವಾದ ಮೇಲೆ ಬಾಕಿ ಉಳಿದರೆ 144ನೇ ಕಲಮಿನಡಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಕೊಡಬೇಕೆಂಬುದನ್ನೂ ನೆನಪಿಡಬೇಕು.

ತವರಿಗೆ ಹೋಗುವುದೇ ಬೇಡ, ಇದ್ದ ಮನೆಯಲ್ಲೇ ಬೇರೆ ಇರುತ್ತೇನೆ ಎನ್ನುವವರೂ ಇದ್ದಾರೆ. ಒಂದೇ ಮಾಡಿನ ಕೆಳಗೆ ಎರಡು ಒಲೆ ಹೂಡಿ ವರ್ಷಗಟ್ಟಲೆ ಕಳೆದ ದಂಪತಿಗಳು ನಮ್ಮ ಊರುಗಳಿಗೆ ಹೊಸಬರೇನಲ್ಲ. ಪ್ರತ್ಯೇಕ ವಾಸ ಎಂದರೆ ಗಂಡ ಹೆಂಡತಿಯಾಗಿ ಬಾಳದಿರುವುದು, ಅದು ಒಂದೇ ಸೂರಿನಡಿಯೂ ಆಗಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ, ಸಮ್ಮತಿಯ ವಿಚ್ಛೇದನದ ಪ್ರಕರಣವೊಂದರಲ್ಲಿ, ಹೇಳಿದೆ. ಮನೆಯಲ್ಲಿ ಹಿಂಸೆ ಇದ್ದರೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ನೆರವಿಗೆ ಬರುತ್ತದೆ. ಅದರ 17ನೇ ಕಲಂ ಕೂಡಿಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಡುತ್ತದೆ, 19ನೇ ಕಲಮಿನಡಿ ಆಕೆಯನ್ನು ಹೊರಹಾಕದಂತೆ ಆದೇಶ ಪಡೆಯಬಹುದು, ಇಲ್ಲವೇ ಬೇರೆ ಮನೆ ಮಾಡಿಕೊಡುವಂತೆ ಅಥವಾ ಬಾಡಿಗೆ ಕಟ್ಟುವಂತೆ ಗಂಡನಿಗೆ ನಿರ್ದೇಶನ ಕೊಡಿಸಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟಿನ 2020ರ ಇನ್ನೊಂದು ತೀರ್ಪು ಸ್ಪಷ್ಟಪಡಿಸಿದೆ. ಇದು ವಾಸದ ಹಕ್ಕು ಮಾತ್ರ, ಮನೆಯ ಒಡೆತನವಲ್ಲ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಾಗಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೆಲಸ ಮಾಡುತ್ತಾರೆ. ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆಯೆಂದು ಹೇಳುತ್ತಾರೆ.

ಹೆಂಡತಿ ಜೀವನಾಂಶದ ಅರ್ಜಿ ಹಾಕಿದೊಡನೆ ಗಂಡನ ಕಡೆಯಿಂದ ಬರುವ ಉತ್ತರ ಹೆಚ್ಚುಕಡಿಮೆ ಗೊತ್ತಿರುವಂಥದ್ದು: ‘ನಾನು ಕರೆದುಕೊಂಡು ಹೋಗಲು ಸಿದ್ಧ, ಅವಳೇ ಬರುತ್ತಿಲ್ಲ’ ಎಂದು ಹಿಂದೂ ವಿವಾಹ ಕಾಯ್ದೆಯ 9ನೇ ಕಲಮಿನಡಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯ ಅರ್ಜಿ. ಆ ಡಿಕ್ರಿ ಸಿಕ್ಕರೂ ಯಾರನ್ನೂ ಪೊಲೀಸರನ್ನಿಟ್ಟು ಎಳೆದೊಯ್ಯುವಂತಿಲ್ಲ. ಅದನ್ನು ಪಾಲಿಸದಿದ್ದರೆ ಆಸ್ತಿ ಜಪ್ತಿಯ ದಾರಿಯಿದೆ, ಮತ್ತು ಒಂದು ವರ್ಷ ಕಳೆದ ಮೇಲೆ ಮತ್ತದೇ (1ಎ) ಉಪಕಲಮಿನ ವಿಚ್ಛೇದನವಿದೆ. ಡಿಕ್ರಿಯ ನಂತರವೂ ಹೋಗದ ಹೆಂಡತಿಗೆ ಜೀವನಾಂಶ ತಪ್ಪುತ್ತದೆಯೇ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಭಿನ್ನಾಭಿಪ್ರಾಯವಿತ್ತು. ಹೋಗದಿರಲು ನ್ಯಾಯವಾದ ಕಾರಣವಿದ್ದರೆ ಜೀವನಾಂಶ ತಪ್ಪದು, ಡಿಕ್ರಿಯೊಂದೇ ಅದನ್ನು ತೀರ್ಮಾನಿಸದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬೇರೆ ಇರುವವರು ಸಾಮಾನ್ಯವಾಗಿ ಮರೆಯುವುದು ಉತ್ತರಾಧಿಕಾರವನ್ನು. ಹದಿನೈದು ವರ್ಷ ಮಾತಿಲ್ಲದಿದ್ದರೂ, ಪ್ರತ್ಯೇಕತೆಯ ಡಿಕ್ರಿಯೇ ಆಗಿದ್ದರೂ, ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಹೆಂಡತಿ ಗಂಡನ ಮೊದಲನೇ ವರ್ಗದ ವಾರಸುದಾರಳು. ಗಂಡ ವಿಲ್ ಬರೆಯದೆ ತೀರಿಕೊಂಡರೆ ಅವನ ಪಾಲಿನಲ್ಲಿ ಆಕೆಗೆ ಭಾಗವಿದೆ, ಪೌತಿ ಖಾತೆಗೆ ಆಕೆಯ ಹೆಸರು ಸೇರಬೇಕು. ಇದರ ಇನ್ನೊಂದು ಮಗ್ಗುಲು ಹೆಂಗಸರಿಗೆ ಕಹಿಯಾಗಿದೆ. 15ನೇ ಕಲಮಿನ ಪ್ರಕಾರ, ವಿಲ್ ಇಲ್ಲದೆ ತೀರಿಕೊಂಡ ಹಿಂದೂ ಮಹಿಳೆಯ ಸ್ವಂತ ಸಂಪಾದನೆ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಆ ನಂತರವಷ್ಟೇ ಆಕೆಯ ತಂದೆ ತಾಯಿಗೆ ಹೋಗುತ್ತದೆ. ತಂದೆ ತಾಯಿಯಿಂದ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದ ಪಕ್ಷದಲ್ಲಿ, ತಂದೆಯ ವಾರಸುದಾರರಿಗೆ ಮರಳುತ್ತದೆ. 2009ರಲ್ಲಿ ತೀರ್ಮಾನವಾದ ಪ್ರಕರಣವೊಂದರಲ್ಲಿ, ಮದುವೆಯಾದ ಸ್ವಲ್ಪ ಕಾಲದಲ್ಲೇ ವಿಧವೆಯಾಗಿ ಗಂಡನ ಮನೆಯಿಂದ ಹೊರಹಾಕಲ್ಪಟ್ಟು, ತವರಿನವರ ಆಸರೆಯಲ್ಲಿ ಓದಿ ಕೆಲಸಕ್ಕೆ ಸೇರಿ ದುಡಿದ ಮಹಿಳೆಯ ಉಳಿತಾಯವೆಲ್ಲ, ಆಕೆ ವಿಲ್ ಬರೆಯದಿದ್ದ ಕಾರಣಕ್ಕೆ, ಆಕೆಯನ್ನು ಹೊರಹಾಕಿದ ಕುಟುಂಬದವರಿಗೇ ಸೇರಿತು. ಕಾನೂನು ಹಾಗಿದೆ, ಕರುಣೆಗೆ ಇಲ್ಲಿ ಜಾಗವಿಲ್ಲ ಎಂಬ ಅರ್ಥದಲ್ಲಿ ಕೋರ್ಟು ನಡೆದುಕೊಂಡಿತು. ಬೇರೆ ಇರುವ, ಸ್ವಲ್ಪವಾದರೂ ಸಂಪಾದನೆ ಇರುವ ಪ್ರತಿಯೊಬ್ಬ ಹೆಂಗಸಿಗೂ ನಾನು ವಿಲ್ ಬರೆಯಲು ಒತ್ತಾಯಿಸುವುದು ಇದಕ್ಕಾಗಿ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಸಾಕು.

ಕ್ರೈಸ್ತರ ಮಟ್ಟಿಗೆ ಕಾನೂನು ಇಲ್ಲಿ ಹೆಚ್ಚು ವಿವೇಕದಿಂದ ನಡೆದುಕೊಂಡಿದೆ, ಅದೂ 1869ರಲ್ಲಿ. ವಿಚ್ಛೇದನ ಕಾಯ್ದೆಯ 22ನೇ ಕಲಮಿನಡಿ ವ್ಯಭಿಚಾರ, ಕ್ರೌರ್ಯ ಅಥವಾ ಎರಡು ವರ್ಷದ ಪರಿತ್ಯಾಗಕ್ಕಾಗಿ ನ್ಯಾಯಿಕ ಪ್ರತ್ಯೇಕತೆ ಪಡೆದ ಹೆಂಡತಿಯನ್ನು, ಆ ನಂತರ ಆಕೆ ಗಳಿಸುವ ಆಸ್ತಿಯ ವಿಷಯದಲ್ಲಿ, 24ನೇ ಕಲಂ ಅವಿವಾಹಿತೆಯಂತೆ ನೋಡುತ್ತದೆ. ಆಕೆ ವಿಲ್ ಇಲ್ಲದೆ ತೀರಿಕೊಂಡರೆ ಗಂಡ ಮೊದಲೇ ತೀರಿಕೊಂಡಿದ್ದಾನೆ ಎಂಬಂತೆ ಆ ಆಸ್ತಿ ಹಂಚಿಕೆಯಾಗುತ್ತದೆ. ಇಂಥದ್ದೊಂದು ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲ. ವಿಶೇಷ ವಿವಾಹ ಕಾಯ್ದೆ 1954ರಡಿ ಮದುವೆಯಾದವರಿಗೆ 23ನೇ ಕಲಮಿನಲ್ಲಿ ಪ್ರತ್ಯೇಕತೆಯಿದೆ. ಮುಸ್ಲಿಂ ಮಹಿಳೆಯರಿಗೆ ಆ ಹೆಸರಿನ ಡಿಕ್ರಿ ಇಲ್ಲ, ಆದರೆ ಕೇಳಿದೊಡನೆ ಕೊಡಬೇಕಾದ ಮೆಹರನ್ನು ಗಂಡ ಕೊಡದಿದ್ದರೆ ದೂರವಿರುವ ಹಕ್ಕಿದೆ, 144ನೇ ಕಲಂ ಅವರಿಗೂ ಸಮಾನವಾಗಿ ಅನ್ವಯಿಸುತ್ತದೆ. ಮಕ್ಕಳ ವಿಷಯದಲ್ಲಿ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂಬುದು ಹಿಂದೂ ಕಾನೂನಿನ ನಿಯಮ. ಅದಕ್ಕಿಂತ ದೊಡ್ಡವರ ಬಗ್ಗೆ ಮಗುವಿನ ಹಿತವೇ ಮುಖ್ಯ.

ಎಲ್ಲಿ ಅರ್ಜಿ ಹಾಕಬೇಕೆಂಬ ಗೊಂದಲ ಬೇಡ. ಹೆಂಡತಿ ಅರ್ಜಿದಾರಳಾಗಿದ್ದರೆ ತಾನು ಈಗ ವಾಸವಿರುವ ಊರಿನ ಕೋರ್ಟಿನಲ್ಲೇ ಹಿಂದೂ ವಿವಾಹ ಕಾಯ್ದೆಯ ಅರ್ಜಿ ಹಾಕಬಹುದೆಂದು 2003ರಲ್ಲಿ ತಿದ್ದುಪಡಿಯಾಗಿದೆ. ಗಂಡನ ಮನೆ ಬೆಂಗಳೂರಿನಲ್ಲಿದ್ದರೂ ತವರು ಹೊಸನಗರವಾದರೆ ಅಷ್ಟು ದೂರ ಅಲೆಯಬೇಕಿಲ್ಲ. ಶಿವಮೊಗ್ಗದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ, ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಇಂಥ ಅರ್ಜಿಗಳನ್ನು ನಡೆಸುತ್ತಾರೆ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತವಾಗಿ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, 15100 ಸಂಖ್ಯೆಗೆ ಕರೆ ಮಾಡಬಹುದು. ಮೊದಲ ಭೇಟಿಗೆ ಬರುವಾಗ ಮದುವೆಯ ಲಗ್ನಪತ್ರಿಕೆ ಅಥವಾ ನೋಂದಣಿ ಪತ್ರ, ಇಬ್ಬರ ಆಧಾರ್ ಪ್ರತಿ, ಗಂಡನ ಪಹಣಿ ಅಥವಾ ವೇತನದ ವಿವರ, ಆಸ್ಪತ್ರೆಗೆ ಹೋಗಿದ್ದರೆ ಅದರ ಚೀಟಿ, ಹಿಂದೆ ಸಹಿ ಹಾಕಿದ ಯಾವುದೇ ಕರಾರಿದ್ದರೆ ಅದರ ಪ್ರತಿ, ಇಷ್ಟನ್ನು ತನ್ನಿ. ಪಡಿತರ ಚೀಟಿಯನ್ನೂ ತನ್ನಿ. ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದು ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಹೆಂಗಸಿಗೆ. ನಿಮ್ಮ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲೇ ಇದ್ದರೆ, ಕೋರ್ಟಿನ ಕೆಲಸ ನಡೆಯುತ್ತಿರುವಾಗಲೇ ಅದನ್ನು ತೆಗೆಸಿ ಬೇರೆ ಚೀಟಿಗೆ ಅರ್ಜಿ ಹಾಕುವ ಬಗ್ಗೆ ಆಹಾರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.